ಅಮ್ಮನ ಪಾಲಿನ ಅರ್ಧ ಲೀಟರ್

ಸಂಜೆ ಐದೂವರೆಗೆ ನಮ್ಮೂರ ಹಾಲಿನ ಡೇರಿ ಮುಂದೆ ಸಾಲು ನಿಲ್ಲುತ್ತದೆ. ಗೌನಿಪಲ್ಲಿಯಿಂದ ಇನ್ನೂ ಒಳಕ್ಕೆ, ಆಂಧ್ರದ ಗಡಿಗೆ ಕೂಗಳತೆಯಲ್ಲಿರುವ ಊರು ನಮ್ಮದು. ಆ ಡೇರಿಗೆ ನಾನು ಸೆಕ್ರೆಟರಿ. ಹಾಲು ಅಳೆಯುವುದು, ಸ್ಯಾಂಪಲ್ ತೆಗೆದು ಮಿಷನ್ನಿಗೆ ಇಡುವುದು, ನೀರು ಬೆರೆಸಿದವರಿಗೆ ಬೈಯುವುದು, ಈ ಮೂರು ನನ್ನ ಕೆಲಸ. ಮೂರನೆಯದನ್ನು ಯಾವ ಟ್ರೇನಿಂಗಿನಲ್ಲೂ ಹೇಳಿಕೊಟ್ಟಿಲ್ಲ, ಅದು ನನಗೆ ಹುಟ್ಟಿನಿಂದ ಬಂದದ್ದು. ನನ್ನ ಬಾಯಿಗೆ ಹೆದರಿ ನಮ್ಮೂರಲ್ಲಿ ಹಾಲಿಗೆ ನೀರು ಹಾಕುವವರು ಕಮ್ಮಿ ಎಂದು ಜಂಬ ಪಡುತ್ತಿದ್ದೆ.

ಆ ಸಂಜೆ ಸಾಲಿನಲ್ಲಿ ಅಮ್ಮನೂ ಇದ್ದಳು. ನಮ್ಮ ಮನೆಯಲ್ಲಿ ಎರಡು ಹಸು. ಬೆಳಗಿನ ಹಾಲನ್ನು ನನ್ನ ಹೆಂಡತಿ ತರುತ್ತಾಳೆ, ಸಂಜೆಯ ಚಿಕ್ಕ ಕ್ಯಾನನ್ನು ಅಮ್ಮ ತರುತ್ತಿದ್ದಳು. ಬೇಡ ಎಂದರೂ ಬಿಡುತ್ತಿರಲಿಲ್ಲ. ಡೇರಿ ಮನೆಯಿಂದ ನಾಲ್ಕು ಹೆಜ್ಜೆ, ಸಾಲಿನಲ್ಲಿ ನಾಲ್ಕು ಜನರ ಜೊತೆ ಮಾತಾಡುವುದೇ ಅವಳಿಗೆ ಖುಷಿ. ಅವಳ ಸರದಿ ಬಂತು. ಕ್ಯಾನು ಕೆಳಗಿಟ್ಟು ನನ್ನ ಮುಖ ನೋಡಿದಳು.

"ಸ್ವಾಮೀ, ಸೆಕ್ರೆಟರಿ ಇನ್ನೂ ಬರ್ಲಿಲ್ವಾ?" ಎಂದಳು.

ಸಾಲಿನಲ್ಲಿದ್ದವರೆಲ್ಲ ನಕ್ಕರು. ತಮಾಷೆಗೆ ಹೇಳುತ್ತಿದ್ದಾಳೆ ಎಂದು ನಾನೂ ನಕ್ಕೆ. "ಬಂದವ್ನೆ, ಕ್ಯಾನ್ ಇತ್ತ ತಳ್ಳಮ್ಮ" ಎಂದೆ. ಅಮ್ಮ ಮಾತ್ರ ನಗಲಿಲ್ಲ. "ಪರ್ವಾಗಿಲ್ಲ ಬಿಡಿ, ಅವ್ನು ಬರೋಗಂಟ ಕಾಯ್ತೀನಿ" ಎಂದು ಕ್ಯಾನನ್ನು ಎತ್ತಿಕೊಂಡು ಗೋಡೆಯ ಪಕ್ಕಕ್ಕೆ ಸರಿದು ನಿಂತಳು. ಅವಳ ಕಣ್ಣು ರಸ್ತೆಯ ಕಡೆಗಿತ್ತು. ನಾನು ಬರುವ ದಾರಿಯನ್ನು ನನ್ನ ಎದುರಿಗೇ ನಿಂತು ನೋಡುತ್ತಿದ್ದಳು.

ಹಿಂದೆ ನಿಂತಿದ್ದ ಮುದುಕನೊಬ್ಬ ಹೇಳಿದ: "ಅರವತ್ತಕ್ಕೆ ಅರಳು ಮರಳು ಅಂತ ದೊಡ್ಡೋರು ಸುಮ್ನೆ ಅಂದವ್ರಾ? ನಿಮ್ಮಮ್ಮನಿಗೆ ಎಪ್ಪತ್ನಾಲ್ಕು. ಹದಿನಾಲ್ಕು ವರ್ಷ ಲೇಟಾಗಿ ಬಂದೈತೆ, ಖುಷಿ ಪಡು."

ಮತ್ತೆ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಹೆದರಿಕೆಯಾಗಿತ್ತು, ಅದಕ್ಕೊಂದು ಕಾರಣವೂ ಇತ್ತು.

ನಮ್ಮ ಪಡಸಾಲೆಯಲ್ಲಿ ಎರಡು ಮರದ ಕಂಬಗಳಿವೆ. ಎಡಗಡೆಯ ಕಂಬ ಸೊಂಟದ ಎತ್ತರದಲ್ಲಿ ಒಂದು ಕಡೆ ನುಣ್ಣಗಾಗಿದೆ. ನನ್ನ ಅಪ್ಪನ ಅಮ್ಮನನ್ನು ಅಲ್ಲಿ ಸೀರೆಯಿಂದ ಕಟ್ಟುತ್ತಿದ್ದರು. ಆಗ ನಾನು ಮೂರನೇ ಕ್ಲಾಸು. ಅಜ್ಜಿಗೆ ಯಾರೂ ಗೊತ್ತಾಗುತ್ತಿರಲಿಲ್ಲ, ಬಿಟ್ಟರೆ ಎದ್ದು ಹೊರಟುಬಿಡುತ್ತಿದ್ದಳು. ಎರಡು ಸಲ ಕೆರೆ ಕೋಡಿಯ ಹತ್ತಿರ ಸಿಕ್ಕಿದ್ದಳು. ಮೂರನೆಯ ಸಲಕ್ಕೆ ಕಾಯಲು ಯಾರಿಗೂ ಧೈರ್ಯವಿರಲಿಲ್ಲ. ಅದನ್ನು ಕ್ರೌರ್ಯ ಎಂದು ಯಾರೂ ಅಂದುಕೊಳ್ಳಲಿಲ್ಲ. ಎಲ್ಲರೂ ಹೊಲಕ್ಕೆ ಹೋದರೆ ಮನೆಯಲ್ಲಿ ಯಾರಿರುತ್ತಿದ್ದರು? ಹಾಗೆಯೇ ಒಂದೂವರೆ ವರ್ಷ ಇದ್ದು ಸತ್ತಳು. ಆ ಕಂಬವನ್ನು ನಾನು ಇವತ್ತಿಗೂ ಕೈಯಿಂದ ಮುಟ್ಟುವುದಿಲ್ಲ.

ಆ ಸಂಜೆ ಮನೆಗೆ ಬಂದು ನೋಡಿದರೆ ಅಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. "ಬಂದ್ಯೇನೋ" ಎಂದಳು, ಏನೂ ಆಗದವಳ ಹಾಗೆ. ನಾನು ಹೆಂಡತಿಗೆ ವಿಷಯ ಹೇಳಿದೆ. ಅವಳು ಸೌಟು ಕೆಳಗಿಟ್ಟು, "ನಿಮಗೆ ಇವತ್ತು ಗೊತ್ತಾಯ್ತು. ಆರು ತಿಂಗಳಿಂದ ನಾನು ಹೇಳ್ತಾನೇ ಇದೀನಿ" ಎಂದಳು.

ನಿಜವೇ. ಹೇಳಿದ್ದಳು. ಸಾರಿಗೆ ಎರಡು ಸಲ ಉಪ್ಪು ಹಾಕುತ್ತಾರೆ, ಕಾಲು ಜುಮುಗುಡುತ್ತೆ ಅಂತಾರೆ, ಹತ್ತಿ ಮೇಲೆ ನಡೆದಂಗಾಗುತ್ತೆ ಅಂತಾರೆ, ನಾಲಿಗೆ ಉರಿಯುತ್ತೆ ಅಂತ ಸಾರಿಗೆ ನೀರು ಬೆರೆಸಿಕೊಳ್ಳುತ್ತಾರೆ. ಪ್ರತಿ ಸಲವೂ ನಾನು ಒಂದೇ ಉತ್ತರ ಕೊಟ್ಟಿದ್ದೆ: "ವಯಸ್ಸಾಯ್ತಲ್ಲೇ." ಡೇರಿಯಲ್ಲಿ ಯಾರ ಹಸು ಎರಡು ದಿನ ಮೇವು ಬಿಟ್ಟರೂ ಹಾಲಿನ ಡಿಗ್ರಿ ನೋಡಿಯೇ ಹೇಳಿಬಿಡುತ್ತೇನೆ. ಮನೆಯಲ್ಲಿ ಅಮ್ಮ ಏನು ತಿನ್ನುತ್ತಾಳೆ, ಏನು ಬಿಟ್ಟಿದ್ದಾಳೆ ಎಂದು ಒಂದು ದಿನ ತಟ್ಟೆ ನೋಡಿದವನಲ್ಲ.

ನೋಡುವುದೇನಿದೆ ಎಂಬ ಧೈರ್ಯವೂ ಇತ್ತು ಅನ್ನಿ. ಅವಳದು ಮೂರು ಹೊತ್ತೂ ರಾಗಿ. ಬೆಳಗ್ಗೆ ಅಂಬಲಿ, ಮಧ್ಯಾಹ್ನ ಮುದ್ದೆ, ರಾತ್ರಿ ಮುದ್ದೆ, ಜೊತೆಗೆ ಸೊಪ್ಪಿನ ಬಸ್ಸಾರು. ಸಕ್ಕರೆ ಕಾಯಿಲೆಗೆ ಹತ್ತು ವರ್ಷದಿಂದ ಮಾತ್ರೆ ನುಂಗುತ್ತಿದ್ದಳು, ಅದಕ್ಕೂ ಮುದ್ದೆಯೇ ಮದ್ದು ಎಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ಹಿಟ್ಟಂ ತಿಂದವನು ಬೆಟ್ಟವಂ ಕಿತ್ತಿಟ್ಟ ಎಂದು ಗಾದೆಯೇ ಇರುವಾಗ ಬೇರೆ ಡಾಕ್ಟರ್ ಯಾಕೆ? ಬಾಡೂಟವನ್ನು ಅವಳು ಕೆಲವು ವರ್ಷದ ಹಿಂದೆಯೇ ಬಿಟ್ಟಿದ್ದಳು. ವಯಸ್ಸಾದ ಮೇಲೆ ದೈವಭಕ್ತಿ ಬಂತು ಎಂದುಕೊಂಡು ಅವಳ ಪಾಲಿನ ತುಂಡನ್ನೂ ನಾನೇ ತಿಂದು ಸುಮ್ಮನಾಗಿದ್ದೆ.

ಡೇರಿಯ ಘಟನೆಯಾಗಿ ಹದಿನೈದು ದಿನವೂ ಆಗಿರಲಿಲ್ಲ. ಒಂದು ಮಧ್ಯಾಹ್ನ ಹೆಂಡತಿ ಫೋನ್ ಮಾಡಿದಳು. "ಅತ್ತೆ ಕಾಣಿಸ್ತಿಲ್ಲ. ಹಿತ್ತಿಲಲ್ಲೂ ಇಲ್ಲ, ದನದ ಕೊಟ್ಟಿಗೇಲೂ ಇಲ್ಲ." ಬೈಕು ಹತ್ತಿ ಮೊದಲು ಕೆರೆಯ ಕೋಡಿಗೆ ಹೋದೆ. ಯಾಕೆ ಅಲ್ಲಿಗೆ ಹೋದೆ ಎಂದು ನನ್ನನ್ನು ಕೇಳಬೇಡಿ. ನೀರನ್ನು ನೋಡಲು ಹೆದರಿ, ನೋಡದೆ ಇರಲೂ ಹೆದರಿ, ಏರಿಯ ಮೇಲೆ ಗಾಡಿ ನಿಲ್ಲಿಸಿ ಕಣ್ಣು ಮುಚ್ಚಿಕೊಂಡು ಒಂದು ನಿಮಿಷ ನಿಂತಿದ್ದೆ. ಆಮೇಲೆ ನೋಡಿದೆ. ನೀರಿನಲ್ಲಿ ಎರಡು ಎಮ್ಮೆ ಬಿಟ್ಟರೆ ಏನೂ ಇರಲಿಲ್ಲ.

ಅಮ್ಮ ಸಿಕ್ಕಿದ್ದು ಗಡಿಯ ಕಡೆಯ ರಸ್ತೆಯಲ್ಲಿ. ಅವಳ ತವರು ಆಂಧ್ರದ ಊರು, ಆ ದಾರಿ ಹಿಡಿದಿದ್ದಳು. ಒಂದು ಮಾವಿನ ತೋಪಿನ ಬೇಲಿ ಪಕ್ಕ, ಬಿದ್ದ ಮಿಡಿಗಳ ನಡುವೆ ಕೂತಿದ್ದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಹೆಬ್ಬೆರಳು ಸೀಳಿ ರಕ್ತ ಸೋರುತ್ತಿತ್ತು, ಅದು ಅವಳಿಗೆ ಗೊತ್ತೇ ಇರಲಿಲ್ಲ. ನನ್ನನ್ನು ನೋಡಿ ಮುಖ ಅರಳಿತು. "ಅನ್ನಾ, ಇಂಟಿಕಿ ಪೋದಾಮಾ" ಎಂದಳು. ಅಣ್ಣಾ, ಮನೆಗೆ ಹೋಗೋಣವಾ ಎಂದು ತೆಲುಗಿನಲ್ಲಿ ಕೇಳುತ್ತಿದ್ದಳು. ಅವಳ ಅಣ್ಣ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. "ಪೋದಾಂ" ಎಂದೆ. ಅಣ್ಣ ಅಲ್ಲಮ್ಮಾ, ನಾನು ನಿನ್ನ ಮಗ ಎಂದು ಹೇಳಲು ಬಾಯಿ ಬರಲಿಲ್ಲ. ಬೈಕಿನ ಹಿಂದೆ ಕೂತು ನನ್ನ ಸೊಂಟ ಹಿಡಿದುಕೊಂಡವಳು ದಾರಿಯುದ್ದಕ್ಕೂ ತನ್ನ ಅಣ್ಣನ ಜೊತೆ ಮಾತಾಡಿದಳು, ನಾನು ಹೂಂ ಎನ್ನುತ್ತಾ ಗಾಡಿ ಓಡಿಸಿದೆ.

ಮಾರನೆಯ ದಿನ ಬೆಳಗ್ಗೆ ನಾನು ಒಂದು ಕೆಲಸ ಮಾಡಿದೆ. ಹೆಂಡತಿ ಹೊಲಕ್ಕೆ ಹೋಗಬೇಕಿತ್ತು, ನಾನು ಡೇರಿಗೆ. ಕೊಟ್ಟಿಗೆಯಿಂದ ಕರುವಿನ ಹಗ್ಗ ತಂದು ಪಡಸಾಲೆಯಲ್ಲಿ ನಿಂತೆ. ಕಟ್ಟಲು ತಂದೆನೋ, ಕಟ್ಟಬೇಕಾಗುತ್ತದೇನೋ ಎಂದು ತಂದೆನೋ, ಇವತ್ತಿಗೂ ನನಗೆ ತಿಳಿಯದು. ಒಂದು ಗಂಟೆ ಅಷ್ಟೇ, ಬಂದು ಬಿಚ್ಚುತ್ತೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅಮ್ಮ ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಹಗ್ಗ ನೋಡಿದಳು, ಕಂಬ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಆ ಗಳಿಗೆಯಲ್ಲಿ ಅವಳಿಗೆ ಎಲ್ಲವೂ ಗೊತ್ತಿತ್ತು.

"ಹಗ್ಗ ಬೇಡ ಕಣೋ, ಕೈ ಕೊರೆಯುತ್ತೆ" ಎಂದಳು. "ನಿಮ್ಮಜ್ಜಿಗೆ ನಾನು ಸೀರೇಲಿ ಕಟ್ತಿದ್ದೆ. ಹಳೇ ನೂಲಿನ ಸೀರೆ ಮೆತ್ತಗಿರುತ್ತೆ. ಪೆಟ್ಟಿಗೇಲಿ ಐತೆ, ತಗೋ."

ನಾನು ಹಗ್ಗ ಎಸೆದು ಹಿತ್ತಿಲಿಗೆ ಹೋಗಿ ಗೋಡೆಗೆ ಮುಖ ಕೊಟ್ಟು ಅತ್ತೆ. ಐವತ್ತೆರಡು ವರ್ಷದ ಗಂಡಸು, ಊರಿಗೆಲ್ಲ ಬೈಯುವವನು, ಕೊಟ್ಟಿಗೆಯ ಗೋಡೆಗೆ ಹಣೆ ಚಚ್ಚಿಕೊಂಡು ಅತ್ತೆ. ಆ ದಿನ ಡೇರಿಗೆ ಹೋಗಲಿಲ್ಲ. ಅಮ್ಮನನ್ನು ಶ್ರೀನಿವಾಸಪುರದ ಬಸ್ಸು ಹತ್ತಿಸಿ, ಅಲ್ಲಿಂದ ಕೋಲಾರಕ್ಕೆ ಕರೆದುಕೊಂಡು ಹೋದೆ.

ಕೋಲಾರದ ಡಾಕ್ಟರ್ ವಯಸ್ಸಿನಲ್ಲಿ ನನಗಿಂತ ಚಿಕ್ಕ ಹೆಂಗಸು. ಅಮ್ಮನ ಕಾಲಿಗೆ ಪಿನ್ನು ಚುಚ್ಚಿ ನೋಡಿದರು, ಕಣ್ಣು ಮುಚ್ಚಿ ನಿಲ್ಲಲು ಹೇಳಿದರು. ಕಣ್ಣು ಮುಚ್ಚಿದ ತಕ್ಷಣ ಅಮ್ಮ ವಾಲಿದಳು, ಡಾಕ್ಟರ್ ಹಿಡಿದುಕೊಂಡರು. ನಾಲಿಗೆ ನೋಡಿದರು. ನಾಲಿಗೆ ಸುಲಿದ ಹಾಗೆ ಕೆಂಪಗೆ ನುಣ್ಣಗಿತ್ತು.

"ಏನು ಊಟ ಮಾಡ್ತಾರೆ?" ಎಂದು ಕೇಳಿದರು.

"ಊಟದ ಮಾತೇ ಬೇಡ ಮೇಡಂ. ಮೂರು ಹೊತ್ತೂ ರಾಗಿ, ಸೊಪ್ಪು, ಕಾಳು. ನಮ್ಮದೇ ಹೊಲದ್ದು" ಎಂದೆ, ಎದೆಯುಬ್ಬಿಸಿ.

"ಮಾಂಸ, ಮೊಟ್ಟೆ?"

"ಬಿಟ್ಟು ಐದು ವರ್ಷ ಆಯ್ತು."

"ಹಾಲು, ಮೊಸರು?"

"ಎರಡು ಹಸು ಇವೆ ಮೇಡಂ. ನಾನು ಹಾಲಿನ ಡೇರಿ ಸೆಕ್ರೆಟರಿ. ನಮ್ಮನೇಲಿ ಹಾಲಿಗೇನು ಬರ?"

ಡಾಕ್ಟರ್ ನನ್ನ ಕಡೆ ನೋಡದೆ ಅಮ್ಮನ ಕೈ ಹಿಡಿದುಕೊಂಡರು. "ನೀವು ಹೇಳಿ ಅಜ್ಜಿ. ದಿನಾ ಹಾಲು ಕುಡೀತೀರಾ?"

ಅಮ್ಮ ನನ್ನ ಕಡೆ ಒಮ್ಮೆ ನೋಡಿದಳು. ಪಕ್ಕದಲ್ಲಿ ಕೂತವನು ಯಾರು ಎಂದು ಅವಳಿಗೆ ಆಗ ಗೊತ್ತಿರಲಿಲ್ಲ. ಡಾಕ್ಟರ ಕಡೆ ಬಾಗಿ, ಮೂರನೆಯವರಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ ಹೇಳಿದಳು: "ಹಾಲಾ? ಇಲ್ಲಮ್ಮ. ಹಾಲೆಲ್ಲ ಕ್ಯಾನಿಗೆ ಹಾಕ್ಬಿಡ್ತೀನಿ. ಕಮ್ಮಿ ಆದ್ರೆ ಸೆಕ್ರೆಟರಿ ಬೈತಾನೆ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕೂತಲ್ಲೇ ನನಗೆ ಎಲ್ಲ ನೆನಪಾಯಿತು. ನಾಲ್ಕು ವರ್ಷದ ಹಿಂದಿನ ಮಾತು. ಸೆಕ್ರೆಟರಿ ತನ್ನ ಮನೆ ಹಾಲನ್ನು ಕಮ್ಮಿ ಹಾಕಿ ನಮಗೆ ಮಾತ್ರ ಕಾಯಿದೆ ಹೇಳುತ್ತಾನೆ ಎಂದು ಊರಲ್ಲಿ ಯಾರೋ ಆಡಿಕೊಂಡಿದ್ದರು. ಅದೇ ಸಿಟ್ಟಿನಲ್ಲಿದ್ದೆ. ಆ ಸಂಜೆ ಅಮ್ಮ ತಂದ ಕ್ಯಾನಿನಲ್ಲಿ ಎಂದಿನಂತೆ ಅರ್ಧ ಲೀಟರ್ ಕಮ್ಮಿ ಇತ್ತು. ಅದು ಅವಳ ಪಾಲಿನ ಹಾಲು, ಕುಡಿಯಲು ಒಂದು ಲೋಟ, ಉಳಿದದ್ದು ಅಂಬಲಿಗೆ ಮೊಸರು. ನಾನು ಹುಟ್ಟುವ ಮೊದಲಿನಿಂದಲೂ ಅವಳು ಹಾಗೆ ಎತ್ತಿಡುತ್ತಿದ್ದಳು. ಸಾಲಿನಲ್ಲಿದ್ದ ಅಷ್ಟೂ ಜನರ ಮುಂದೆ ಕೂಗಿದ್ದೆ: "ಈ ವಯಸ್ಸಲ್ಲಿ ಹಾಲು ಕುಡ್ದು ಕುಸ್ತಿಗೆ ಹೋಗ್ಬೇಕೇನಮ್ಮ ನೀನು?" ಜನ ನಕ್ಕಿದ್ದರು. ನಾನೂ ನಕ್ಕು ಮುಂದಿನ ಕ್ಯಾನು ಎತ್ತಿಕೊಂಡಿದ್ದೆ. ಅಂದೇ ಮರೆತೂ ಬಿಟ್ಟಿದ್ದೆ. ಅಮ್ಮ ಮನೆಗೆ ಬಂದು ಸೊಸೆಗೆ, "ನನಗೆ ಹಾಲು ಸೇರಲ್ಲ ಕಣೇ" ಎಂದಳಂತೆ. ಅವತ್ತಿನಿಂದ ಕರಿ ಕಾಫಿ. ನನ್ನ ಮುಖ ಮರೆತಿದ್ದಾಳೆ, ನನ್ನ ಬೈಗುಳ ಮರೆತಿಲ್ಲ.

ಸಂಜೆಯ ಹೊತ್ತಿಗೆ ರಕ್ತ ಪರೀಕ್ಷೆಯ ಚೀಟಿ ಬಂತು. ಡಾಕ್ಟರ್ ಬಿಡಿಸಿ ಹೇಳಿದರು. ಬಿ-ಟ್ವೆಲ್ವ್ ಎಂಬ ವಿಟಮಿನ್ ತೀರಾ ಇಳಿದುಹೋಗಿದೆ. ಅದು ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿ ಇರುತ್ತದೆ, ರಾಗಿಯಲ್ಲಿ ಇಲ್ಲ, ಸೊಪ್ಪಿನಲ್ಲೂ ಇಲ್ಲ. ವಯಸ್ಸಾದವರ ಹೊಟ್ಟೆ ಅದನ್ನು ಮೊದಲೇ ಸರಿಯಾಗಿ ಹೀರುವುದಿಲ್ಲ, ಸಕ್ಕರೆ ಕಾಯಿಲೆಯ ಮಾತ್ರೆ ವರ್ಷಗಟ್ಟಲೆ ನುಂಗಿದರೆ ಇನ್ನೂ ಕಮ್ಮಿ. ಅದಿಲ್ಲದಿದ್ದರೆ ನರ ಒಣಗುತ್ತದೆ, ಮೆದುಳು ಮಸುಕಾಗುತ್ತದೆ.

"ರಾಗಿ ಕೆಟ್ಟದ್ದಾ ಮೇಡಂ?" ಎಂದು ಪೆದ್ದನಂತೆ ಕೇಳಿದೆ.

"ರಾಗಿ ತುಂಬಾ ಒಳ್ಳೇದು. ರಾಗಿ ಒಂದೇ ಸಾಲಲ್ಲ. ಮೊದಲು ಇಂಜೆಕ್ಷನ್, ಆಮೇಲೆ ದಿನಾ ಹಾಲು ಮೊಸರು. ಎಷ್ಟು ವಾಪಸ್ ಬರುತ್ತೆ ಅಂತ ಮಾತು ಕೊಡಲ್ಲ. ತಡ ಮಾಡಿದಷ್ಟೂ ಕಷ್ಟ."

ಅಜ್ಜಿಯ ನೆನಪು ನುಗ್ಗಿ ಬಂತು. ಎಲ್ಲರ ಊಟವಾದ ಮೇಲೆ ತಳದ ಅಂಬಲಿ ಕುಡಿಯುತ್ತಿದ್ದವಳು. ಅವಳಿಗೂ ಇದೇ ಆಗಿತ್ತಾ ಎಂದು ಕೇಳಿದೆ. ನೋಡದೆ ಏನೂ ಹೇಳಲು ಬರುವುದಿಲ್ಲ, ಬೇರೆ ಕಾಯಿಲೆಯೂ ಇರಬಹುದು ಎಂದರು. ಆ ಪ್ರಶ್ನೆಯನ್ನು ಮನೆಯಲ್ಲಿ ಎತ್ತಬಾರದು ಎಂದು ಅಲ್ಲಿಯೇ ತೀರ್ಮಾನ ಮಾಡಿದೆ.

ನರ್ಸು ಸಿರಿಂಜು ಹಿಡಿದು ಬಂದಳು. ಆ ಔಷಧದ ಬಣ್ಣ ಕೆಂಪು, ನೋಡಿದರೆ ರಕ್ತವೇ. ಅಮ್ಮ ಅದನ್ನು ನೋಡಿ ಹಿಂದಕ್ಕೆ ಸರಿದು ಗೋಡೆಗೆ ಒತ್ತಿಕೊಂಡಳು. "ಅದು ನೆತ್ತರು. ಒಳಗೆ ಬಿಡ್ಬೇಡಿ. ನನ್ನ ಮಗ ಸತ್ತೋಗ್ತಾನೆ" ಎಂದಳು. ಇದು ಔಷಧಿ ಅಜ್ಜಿ ಎಂದು ನರ್ಸು ಹೇಳಿದರೂ ಕೇಳಲಿಲ್ಲ. ನಾನು ತೋಳು ಹಿಡಿಯಲು ಹೋದರೆ ನನ್ನ ಕೈ ಕಚ್ಚಿದಳು. ಹಲ್ಲಿಲ್ಲದ ಕಡೆಯೇ ಹೆಚ್ಚು, ಆದರೂ ನೋವಾಯಿತು. ಮಗ ಯಾಕಮ್ಮ ಸಾಯ್ತಾನೆ ಎಂದು ಡಾಕ್ಟರ್ ಮೆಲ್ಲಗೆ ಕೇಳಿದಾಗ ಎಲ್ಲ ಹೊರಗೆ ಬಂತು.

ಐದು ವರ್ಷದ ಹಿಂದೆ ಆ ಜ್ವರದ ಕಾಲದಲ್ಲಿ ನಾನು ಕೋಲಾರದಲ್ಲಿ ಮೂಗಿಗೆ ಆಕ್ಸಿಜನ್ ಹಾಕಿಸಿಕೊಂಡು ಹನ್ನೊಂದು ದಿನ ಮಲಗಿದ್ದೆ. ಮನೆಯವರನ್ನು ಒಳಗೆ ಬಿಡುತ್ತಿರಲಿಲ್ಲ. ಅಮ್ಮ ಊರಮ್ಮನ ಗುಡಿಯ ಮುಂದೆ ನಿಂತು ಹರಕೆ ಹೊತ್ತಿದ್ದಳು: ಮಗ ಬದುಕಿ ಬಂದರೆ ಸಾಯುವ ತನಕ ಬಾಡು, ಮೊಟ್ಟೆ, ನೆತ್ತರು ಮೈಗೆ ಸೇರಿಸುವುದಿಲ್ಲ. ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ ಮುಡಿಪು ಮಾಡಿ ದೇವರ ಗೂಡಿನಲ್ಲಿ ಇಟ್ಟಿದ್ದಳು. ನಾನು ಬದುಕಿ ಬಂದೆ. ನಾನು ಬದುಕಿದ್ದು ಆ ಹರಕೆಯಿಂದ, ಅದು ಮುರಿದರೆ ಸಾಯುತ್ತೇನೆ, ಅವಳ ಲೆಕ್ಕ ಅಷ್ಟೇ. ಅವತ್ತು ಇಂಜೆಕ್ಷನ್ ಇಲ್ಲದೆ ವಾಪಸ್ ಬಂದೆವು. ಬಸ್ಸಿನಲ್ಲಿ ಅವಳು ನನ್ನ ಭುಜಕ್ಕೊರಗಿ ನಿದ್ದೆ ಮಾಡಿದಳು. ತಡ ಮಾಡಿದಷ್ಟೂ ಕಷ್ಟ ಎಂಬ ಮಾತು ನನ್ನ ತಲೆಯಲ್ಲಿ ಕೂತಿತ್ತು. ಹಿಡಿದುಕೊಂಡು ಬಲವಂತವಾಗಿ ಹಾಕಿಸಬಹುದಿತ್ತು. ಹಾಗೆ ಮಾಡಿದ್ದರೆ ಮಗನನ್ನು ಕೊಂದೆ ಎಂಬ ಭಯದಲ್ಲೇ ಅವಳು ಉಳಿದ ದಿನ ಕಳೆಯುತ್ತಿದ್ದಳು.

ದಾರಿ ತೋರಿಸಿದ್ದು ನನ್ನ ಹೆಂಡತಿ. ಅವಳ ತವರು ಮುಳಬಾಗಿಲು ಕಡೆ ಆವನಿ. "ನಮ್ಮ ಕಡೆ ಹರಕೆ ಇಳಿಸ್ತಾರೆ" ಎಂದಳು. "ಹೊತ್ತವರು ಮುದುಕರಾಗಿ ನಡೆಸೋಕಾಗದೇ ಹೋದ್ರೆ, ಯಾರಿಗೋಸ್ಕರ ಹೊತ್ತಿದ್ರೋ ಅವರೇ ಬಂದು ಮುಡಿಪು ಇಸ್ಕೋತಾರೆ. ಆಮೇಲೆ ಹರಕೆ ಅವರದು. ಆದ್ರೆ ಹೊತ್ತವರೇ ತಮ್ಮ ಕೈಯಾರೆ ಕೊಡ್ಬೇಕು, ಇಂಥವನಿಗೇ ಕೊಡ್ತಿದೀನಿ ಅಂತ ಗೊತ್ತಿದ್ದು ಕೊಡ್ಬೇಕು."

ಗೊತ್ತಿದ್ದು ಕೊಡಬೇಕು. ಅಲ್ಲಿಯೇ ಸಿಕ್ಕಿಕೊಂಡಿತು. ಸ್ನಾನ ಮಾಡಿ, ದೇವರ ಗೂಡಿನ ಮುಂದೆ ಅಮ್ಮನನ್ನು ಕೂರಿಸಿ ಕೈಯೊಡ್ಡಿದೆ. "ಮುಡಿಪು ಕೊಡಮ್ಮ, ಇನ್ಮೇಲೆ ಹರಕೆ ನಾನು ನಡೆಸ್ತೀನಿ." ಅಮ್ಮ ಮುಡಿಪನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡಳು. "ನೀನ್ಯಾರಪ್ಪ? ನನ್ನ ಮಗನ ಹರಕೇನ ನಿನಗ್ಯಾಕೆ ಕೊಡ್ಲಿ?" ಎಂದಳು. ನಾನೇ ನಿನ್ನ ಮಗ ಎಂದೆ. ಹುಟ್ಟಿದ ದಿನ ಹೇಳಿದೆ, ಅಪ್ಪನ ಹೆಸರು ಹೇಳಿದೆ, ಮಂಡಿಯ ಮೇಲಿನ ಗಾಯದ ಗುರುತು ತೋರಿಸಿದೆ. ಅವಳು ಎಲ್ಲವನ್ನೂ ಕೇಳಿ, "ಪಾಪ, ನಿಮ್ಮ ತಾಯಿ ಎಲ್ಲವ್ರೆ?" ಎಂದಳು. ನನಗೆ ಆ ಪ್ರಶ್ನೆಗಿಂತ ಹೆದರಿಕೆಯ ಮಾತನ್ನು ಯಾರೂ ಹೇಳಿಲ್ಲ.

ಎರಡು ದಿನ ಹೀಗೇ ಹೋಯಿತು. ಅವಳಿಗೆ ನಾನು ಗೊತ್ತಾಗುವ ಗಳಿಗೆಗಾಗಿ ಕಾದು ಕೂತೆ. ಬರಲಿಲ್ಲ. ಇನ್ನು ಬರುವುದೇ ಇಲ್ಲವೇನೋ, ಹಗ್ಗ ನೋಡಿ ಮಾತಾಡಿದ್ದೇ ಕೊನೆಯೇನೋ ಎಂದು ಅನ್ನ ಸೇರಲಿಲ್ಲ. ಮೂರನೆಯ ದಿನ ಬೆಳಗ್ಗೆ ಕರು ಗೂಟದಿಂದ ಬಿಡಿಸಿಕೊಂಡು ಹಸುವಿನ ಹಾಲನ್ನೆಲ್ಲ ಕುಡಿದುಬಿಟ್ಟಿತ್ತು. ಮೊದಲೇ ನಿದ್ದೆಗೆಟ್ಟ ಸಿಟ್ಟು, ಕೊಟ್ಟಿಗೆಯಲ್ಲಿ ನಿಂತು ಕರುವಿಗೂ, ಗೂಟಕ್ಕೂ, ಗೂಟ ಹೊಡೆದ ನನಗೂ ಸೇರಿಸಿ ಬಾಯಿಗೆ ಬಂದ ಹಾಗೆ ಬೈದೆ. ಪಡಸಾಲೆಯಿಂದ ದನಿ ಬಂತು.

"ಏನ್ಲಾ ಅದು, ಬೆಳಬೆಳಗ್ಗೆ ಹಂಗೆ ಕಿರುಚ್ತೀಯ? ಮೂಕ ಪ್ರಾಣಿ ಕಣೋ. ಅದ್ರಮ್ಮನ ಹಾಲು ಅದು ಕುಡೀತು, ನಿನಗೇನ್ಲಾ?"

ಓಡಿದೆ. ಸಗಣಿ ಕಾಲಿನಲ್ಲೇ ಪಡಸಾಲೆಯ ದೇವರ ಗೂಡಿನ ಮುಂದೆ, ಅವಳೆದುರು ನಿಂತೆ. "ಅಮ್ಮ, ನಾನ್ಯಾರು?"

"ತಲೆ ಕೆಟ್ಟೈತಾ? ನಿನ್ನ ಬಾಯಿ ಕೇಳಿದ್ರೆ ಮೂರು ಹಳ್ಳಿಗೆ ಗೊತ್ತಾಗುತ್ತೆ ನೀನ್ಯಾರು ಅಂತ."

ಗಳಿಗೆ ಜಾರುವ ಮೊದಲು ಎಲ್ಲ ಹೇಳಿದೆ. ನಿನ್ನ ತಲೆಗೆ ಬೇಕಾದ ಸತ್ವ ಮೈಯಲ್ಲಿ ಇಲ್ಲ, ಸೂಜಿ ಹಾಕಿಸಬೇಕು, ಕೆಂಪಗಿರುವುದು ಔಷಧದ ಬಣ್ಣ, ನಿನಗೆ ಅನುಮಾನವಿದ್ದರೆ ಹರಕೆ ನನಗೆ ಕೊಡು, ಬಾಡು ಮೊಟ್ಟೆ ನಾನು ಬಿಡುತ್ತೇನೆ. ಅಮ್ಮ ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು.

"ನೀನು ಬಾಡು ಬಿಡ್ತೀಯಾ? ನೀನಾ?"

"ಬಿಡ್ತೀನಮ್ಮ."

"ಭಾನುವಾರ ಬರ್ಲಿ, ನೋಡಾನ" ಎಂದಳು. ಆಮೇಲೆ ಕೇಳಿದಳು: "ನಿನಗೇನೂ ಆಗಲ್ಲ ತಾನೆ?" ಇಲ್ಲ ಎಂದೆ. ಮುಡಿಪನ್ನು ನನ್ನ ಅಂಗೈಯಲ್ಲಿ ಇಟ್ಟು ಬೆರಳುಗಳನ್ನು ಒಂದೊಂದಾಗಿ ಮಡಚಿದಳು. ಮಧ್ಯಾಹ್ನದ ಹೊತ್ತಿಗೆ ನಾನು ಮತ್ತೆ ಅವಳ ಅಣ್ಣನಾಗಿದ್ದೆ. ಆದರೆ ಶ್ರೀನಿವಾಸಪುರದ ಆಸ್ಪತ್ರೆಯಲ್ಲಿ ತೋಳು ಕೊಟ್ಟಳು, ಕಣ್ಣು ಮುಚ್ಚಿಕೊಂಡು.

ಮೊದಲು ದಿನಕ್ಕೊಂದು, ಆಮೇಲೆ ವಾರಕ್ಕೊಂದು, ಆಮೇಲೆ ತಿಂಗಳಿಗೊಂದು ಸೂಜಿ. ಮೊದಲ ತಿಂಗಳು ಏನೂ ಕಾಣಲಿಲ್ಲ, ನಾನು ದಿನಾ ಬೆಳಗ್ಗೆ ಪರೀಕ್ಷೆಗೆ ಕೂತ ಹುಡುಗನ ಹಾಗೆ ಅವಳ ಮುಂದೆ ನಿಂತು ಯಾರು ಅನ್ನುತ್ತಾಳೋ ಎಂದು ಕಾಯುತ್ತಿದ್ದೆ. ಎರಡನೆಯ ತಿಂಗಳಲ್ಲಿ ನಾಲಿಗೆ ಉರಿ ನಿಂತಿತು. ಸಾರಿಗೆ ಉಪ್ಪು ಸರಿಹೋಯಿತು. ತೆಲುಗು ಕಮ್ಮಿಯಾಯಿತು. ಕಾಲಿನ ಜುಮು ಹೋಗಲಿಲ್ಲ, ಹೋಗುವುದೂ ಇಲ್ಲವಂತೆ. ನೆನ್ನೆ ಮೊನ್ನೆಯ ಮಾತು ಈಗಲೂ ಜಾರುತ್ತದೆ. ಬಾಡೂಟ ನಾನು ಬಿಟ್ಟಿದ್ದೇನೆ. ಭಾನುವಾರ ಪಕ್ಕದ ಮನೆಯ ಮಸಾಲೆ ವಾಸನೆ ಬಂದರೆ ಅಮ್ಮ ನನ್ನ ಮುಖವನ್ನೇ ನೋಡುತ್ತಾಳೆ.

ನೆನಪು ಬಂದಾಗ ಬೇಕಾದದ್ದಷ್ಟೇ ಬರುವುದಿಲ್ಲ, ಬೇಡದ್ದೂ ಬರುತ್ತದೆ. ಒಂದು ದಿನ ತೋಳಿನ ಮೇಲಿನ ಹತ್ತಿಯನ್ನು ಒತ್ತಿ ಹಿಡಿದುಕೊಂಡು, ಎಡಗಡೆಯ ಕಂಬ ನೋಡುತ್ತಾ ಕೇಳಿದಳು: "ಅತ್ತೆಗೂ ಒಂದು ಸೂಜಿ ಹಾಕ್ಸಿದ್ರೆ ಆಗ್ತಿತ್ತೇನೋ?" ನಾನು ಗೊತ್ತಿಲ್ಲ ಎಂದೆ. ಅವಳು ಇನ್ನೊಂದು ಸಲ ಕೇಳಲಿಲ್ಲ. ಆದರೆ ಅಂದಿನಿಂದ ಆ ಕಂಬದ ಕಡೆಗೆ ಬೆನ್ನು ಹಾಕಿ ಕೂರುತ್ತಾಳೆ.

ಹಾಲಿನದು ಬೇರೆಯೇ ಕಥೆ. ಊರಮ್ಮ ತನ್ನ ಹರಕೆಯನ್ನು ಒಂದು ಬೆಳಗಿನಲ್ಲಿ ಬಿಟ್ಟುಕೊಟ್ಟಳು, ನನ್ನ ಬೈಗುಳ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಲೋಟ ಕೊಟ್ಟರೆ ಆಮೇಲೆ ಕುಡೀತೀನಿ ಅನ್ನುತ್ತಿದ್ದಳು, ತಿರುಗಿ ನೋಡುವಷ್ಟರಲ್ಲಿ ಅದು ಕ್ಯಾನು ಸೇರಿರುತ್ತಿತ್ತು. ಹೆಂಡತಿ ಎದುರಿಗೆ ಕೂತು ಕುಡಿಸಲು ಶುರು ಮಾಡಿದ ಮೇಲೆ ಸ್ವಲ್ಪ ಸ್ವಲ್ಪ ಒಳಗೆ ಹೋಯಿತು. ನಾನು ಮನೆಯಲ್ಲಿಲ್ಲದಾಗ ಚೆನ್ನಾಗಿ ಕುಡೀತಾರೆ ಎಂದು ಅವಳು ಹೇಳಿದಳು.

ಮೊನ್ನೆ ಸಂಜೆಯ ಕ್ಯಾನನ್ನು ಹೆಂಡತಿ ತಂದಳು. ಅಳೆದರೆ ಅರ್ಧ ಲೀಟರ್ ಕಮ್ಮಿ ಇತ್ತು. ಅಷ್ಟು ಖುಷಿಯಿಂದ ನಾನು ಯಾವ ಕೊರತೆಯನ್ನೂ ಬರೆದುಕೊಂಡಿಲ್ಲ. ಡೇರಿ ಬೇಗ ಮುಚ್ಚಿ ಮನೆಗೆ ಬಂದೆ. ಅಮ್ಮ ಪಡಸಾಲೆಯಲ್ಲಿ ಲೋಟ ಹಿಡಿದು ಕೂತಿದ್ದಳು, ಮೇಲ್ದುಟಿಯ ಮೇಲೆ ಹಾಲಿನ ಕೆನೆ ಇತ್ತು. ಬಾಗಿಲಲ್ಲಿ ನೆರಳು ಕಂಡು ತಲೆಯೆತ್ತಿದಳು.

ಒಂದೇ ನೋಟಕ್ಕೆ ನನ್ನ ಗುರುತು ಹಿಡಿದಳು. ತಡವರಿಸಲಿಲ್ಲ, ಅಣ್ಣಾ ಎನ್ನಲಿಲ್ಲ, ಸ್ವಾಮೀ ಎನ್ನಲಿಲ್ಲ. ಎಷ್ಟು ತಿಂಗಳಿಂದ ಆ ನೋಟಕ್ಕಾಗಿ ಕಾದಿದ್ದೆ. ಗುರುತು ಹಿಡಿದವಳೇ ಸರಕ್ಕನೆ ಲೋಟವನ್ನು ಸೆರಗಿನ ಕೆಳಗೆ ಬಚ್ಚಿಟ್ಟುಕೊಂಡಳು.

"ಒಂದೇ ಗುಟುಕು ಕಣೋ" ಎಂದಳು. "ಉಳಿದಿದ್ದು ಕ್ಯಾನಿಗೆ ಹಾಕಿದೀನಿ."

ನಾನು ಅವಳ ಮುಂದೆ ನೆಲದ ಮೇಲೆ ಕೂತೆ. ಬೆನ್ನಿಗೆ ಎಡಗಡೆಯ ಕಂಬ ತಗುಲಿತು, ಏಳಲಿಲ್ಲ. ಕುಡಿಯಮ್ಮ ಎಂದು ಹೇಳಲು ಬಾಯಿ ತೆರೆದೆ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು, ಬೈಗುಳ ಬರುತ್ತದೆ ಎಂದು ಕಾಯುತ್ತಾ. ಸೆರಗಿನ ಕೆಳಗೆ ಲೋಟ ವಾಲಿ ಹಾಲು ಅವಳ ಮಡಿಲಿಗೆ ಸೋರುತ್ತಿತ್ತು.